ಗದ್ವಾಲಕ್ಕೆ ಚಾಪೆ ಹೊತ್ತು ಹೋದದ್ದು

ಎತ್ತಿನ ಗೊರಸು ಸೀಳಬಹುದಿತ್ತು. ಬಂಡಿಯ ಅಚ್ಚು ಮಕ್ತಲ್ ಮುಟ್ಟುವ ಮೊದಲೇ ಮುರಿಯಬಹುದಿತ್ತು. ಕೃಷ್ಣೆಯ ನಡುವೆ ಹರಗೋಲು ಬಂಡೆಗೆ ತಾಗಿ ಮಗುಚಬಹುದಿತ್ತು. ಮಗುಚಿದರೆ ನಮ್ಮ ತಂಡದಲ್ಲಿ ಈಜು ಬರುವವರು ಕಡಿಮೆ, ಬರುತ್ತದೆಂದು ಸುಳ್ಳು ಹೇಳಿದವರು ಹೆಚ್ಚು. ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನು ನಾನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿದಿದ್ದೆ. ವಿಕೆಟ್ ಕೀಪರನಿಗೆ ನೀರು ಬದಲಾದರೆ ಹೊಟ್ಟೆ ಕೆಡುತ್ತಿತ್ತು. ಇದ್ದ ಒಂದೇ ಒಳ್ಳೆಯ ಚೆಂಡಿನ ಹೊಲಿಗೆ ಬಿಚ್ಚಬಹುದಿತ್ತು. ಅಡಿಗೆ ಯಾರು ಮಾಡಬೇಕು, ಯಾರ ಪಾತ್ರೆಯಲ್ಲಿ ಮಾಡಬೇಕು ಎಂಬ ಮಾತೆದ್ದು ಅರ್ಧ ತಂಡ ಉಪವಾಸ ಆಡಬಹುದಿತ್ತು. ನನ್ನ ನೌಕರಿಯ ತೀರ್ಮಾನ ಮಾಡಬೇಕಾದ ಸಾಹೇಬರು ಬಾರದೇ ಇರಬಹುದಿತ್ತು. ಬಂದರೂ ಜ್ವರದಲ್ಲಿರಬಹುದಿತ್ತು. ಜ್ವರಗಿರ ಏನೂ ಇಲ್ಲದೆ ಬಂದು ಪೂರ್ತಿ ಆಟ ನೋಡಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಅದೇ.

ಹೊರಡುವ ಹಿಂದಿನ ದಿನ ಇದನ್ನೆಲ್ಲ ಹೆಂಡತಿಯ ಮುಂದೆ ಒಂದೊಂದಾಗಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಮೊಸಳೆಯ ತನಕ ಸುಮ್ಮನೆ ಕೇಳಿದಳು.

"ನಿಮಗ ಚಿಂತಿ ಮಾಡಾಕ ಪಗಾರ ಇದ್ದಿದ್ರ ಇಷ್ಟೊತ್ತಿಗೆ ಜಾಗೀರ್ದಾರ ಆಗಿರ್ತಿದ್ರಿ," ಅಂದಳು. "ಮೊದ್ಲ ಉಣ್ರಿ, ರೊಟ್ಟಿ ಆರಾಕತ್ತಾವು."

ಈಗಲೇ ಹೇಳಿಬಿಡುತ್ತೇನೆ, ಕೊನೆಯದನ್ನು ಬಿಟ್ಟರೆ ಮೇಲಿನವುಗಳಲ್ಲಿ ಒಂದೂ ಆಗಲಿಲ್ಲ. ಎತ್ತುಗಳು ನನಗಿಂತ ಗಟ್ಟಿಯಾಗಿದ್ದವು. ಆದದ್ದು ಬೇರೆಯೇ ಒಂದು, ಸಣ್ಣದು. ಅದಕ್ಕೆ ಬೇಕಾದ ಚಿಂತೆಯನ್ನು ನಾನು ಮಾಡಿರಲೇ ಇಲ್ಲ.

ಆಗ ನಾನು ನಾರಾಯಣಪೇಟೆಯ ಸರಕಾರಿ ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಹಂಗಾಮಿ. ಅದಕ್ಕೂ ಮೊದಲು ಹೈದರಾಬಾದಿನಲ್ಲಿ ಒಬ್ಬ ನವಾಬರ ಕ್ರಿಕೆಟ್ ತಂಡದಲ್ಲಿ ಪಗಾರದ ಬೌಲರ್ ಆಗಿದ್ದೆ. ಚೆಂಡು ಒಗೆಯುವುದಕ್ಕೆ ತಿಂಗಳ ಪಗಾರ ಎಂದರೆ ನಮ್ಮ ಕಡೆ ಯಾರೂ ನಂಬುತ್ತಿರಲಿಲ್ಲ. ಹೆಣ್ಣು ಕೇಳಲು ಹೋದಾಗ ನಮ್ಮ ಹಿರಿಯರು ನಾನು ನವಾಬರ ಕುದುರೆ ಲಾಯದಲ್ಲಿ ನೌಕರಿಗಿದ್ದೇನೆಂದು ಹೇಳಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ, ನಮ್ಮಂಥವರ ಪಗಾರ ಲಾಯದ ಖರ್ಚಿನಲ್ಲಿಯೇ ಸೇರುತ್ತಿತ್ತು. ನವಾಬರು ತೀರಿಕೊಂಡರು, ಮಗನಿಗೆ ಮೋಟಾರಿನ ಹುಚ್ಚು, ನನ್ನ ಭುಜದಲ್ಲಿ ಕಟಕಟ ಶಬ್ದ. ಹೆಂಡತಿಯ ಊರಿಗೆ ಬಂದೆ. ಬೇರೆ ಕಸುಬು ಗೊತ್ತಿಲ್ಲ. ನಲವತ್ತು ದಾಟಿದವನಿಗೆ ಮಗ್ಗ ಕಲಿಸುವವರು ಯಾರು?

ಒಂದು ದಿನ ಹೆಡ್‌ಮಾಸ್ತರರು ಕರೆಸಿದರು. ಗದ್ವಾಲದ ಕೋಟೆ ಮೈದಾನದಲ್ಲಿ ಅಲ್ಲಿಯ ತಂಡದೊಡನೆ ನಮ್ಮ ಶಾಲೆಯ ಪಂದ್ಯ ಗೊತ್ತಾಗಿದೆ ಎಂದರು. ಶಾಲೆಗಳ ತನಿಖೆಯ ದೊಡ್ಡ ಅಧಿಕಾರಿ, ಸದರ್ ಮೊಹತಮೀಮ್ ಸಾಹೇಬರು, ಆ ಹೊತ್ತಿಗೆ ದೌರೆಯ ಮೇಲೆ, ಅಂದರೆ ತನಿಖೆಯ ಪ್ರವಾಸದಲ್ಲಿ, ಗದ್ವಾಲದಲ್ಲಿರುತ್ತಾರೆ. ಅವರಿಗೆ ಆಟದ ಶೋಕಿ, ಆತಿಥೇಯರ ತಂಡದಲ್ಲಿ ತಾವೇ ಆಡುತ್ತಾರೆ. ನನ್ನ ಜಾಗ ಮುಸ್ತಕಿಲ್, ಅಂದರೆ ಕಾಯಂ ಆಗಬೇಕೋ ರದ್ದಾಗಬೇಕೋ ಎಂಬುದನ್ನು ಹುಡುಗರ ಆಟ ನೋಡಿ ಅಲ್ಲಿಯೇ ತೀರ್ಮಾನಿಸುತ್ತಾರಂತೆ. ಆಟದ ಮಾಸ್ತರನಿಗಿಂತ ಇನ್ನೊಬ್ಬ ಫಾರಸಿ ಮಾಸ್ತರ ಸಿಕ್ಕರೆ ಶಾಲೆಗೆ ಒಳ್ಳೆಯದೆಂದು ತಮಗೆ ಅನಿಸುವುದನ್ನೂ ಹೆಡ್‌ಮಾಸ್ತರರು ಹೇಳಿದರು. ಮುಚ್ಚಿಡುವಷ್ಟು ಕೆಟ್ಟ ಮನುಷ್ಯರಲ್ಲ ಅವರು.

ಮೊದಲ ಕಿರಿಕಿರಿ ಚಾಪೆಯದು. ನಮ್ಮ ನೆಲ ಕ್ರಿಕೆಟ್ಟಿಗೆ ಆಗುವಂಥದಲ್ಲ. ಚೆಂಡು ಪುಟಿಯುವ ಪಟ್ಟಿಯ ಮೇಲೆ ನಾರಿನ ಚಾಪೆ ಹಾಸಿ, ಸುತ್ತ ಕಬ್ಬಿಣದ ಮೊಳೆ ಹೊಡೆದು, ತಬಲದ ಚರ್ಮದಂತೆ ಬಿಗಿಯಬೇಕು. ಸಡಿಲಾದರೆ ಚೆಂಡು ಸತ್ತು ಮಲಗುತ್ತದೆ, ಅತಿ ಬಿಗಿಯಾದರೆ ಮೂಗಿಗೆ ಬರುತ್ತದೆ. ಶಾಲೆಯ ಚಾಪೆಯ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದ ಭಾಗವನ್ನು ಯಾರೋ ಮದುವೆಗೆ ಒಯ್ದು, ಪಾಯಸ ಚೆಲ್ಲಿ, ತೊಳೆದು ತಂದಿಟ್ಟಿದ್ದರು. ತೊಳೆದದ್ದರಿಂದ ಅದು ಒಂದು ಕಡೆ ಕುಗ್ಗಿ ಬಾಳೆಕಾಯಿಯಂತೆ ಬಾಗಿತ್ತು. ತಂಡದಲ್ಲಿ ನೇಕಾರರ ಮನೆಯ ಹುಡುಗರಿದ್ದರು. ಹರಿದ ಮೂಲೆಯನ್ನು ಅವರು ಕೂಡಿಸಿದರು. ಯಾವ ಗಂಟು ಹಾಕಬೇಕೆಂಬ ಜಗಳದಲ್ಲಿ ಎರಡು ಮನೆತನಗಳ ಹಳೆಯ ಮಾತುಗಳೂ ಹೊರಬಂದವು. ನಾನು ಅಲ್ಲಿ ನಿಂತು, ಗಂಟು ಯಾವುದಾದರೂ ಆಗಲಿ ಚಾಪೆ ನೆಲಕ್ಕೆ ಕೂತರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ.

ನನ್ನ ಬೌಲರ್ ಆ ನೇಕಾರರ ಹುಡುಗರಲ್ಲಿ ಒಬ್ಬ. ಕೊನೆಯ ತರಗತಿಯಲ್ಲಿದ್ದ, ಮೀಸೆ ಚಿಗುರಿತ್ತು. ಚಿಕ್ಕಂದಿನಿಂದ ಮಗ್ಗದ ಕುಣಿಯಲ್ಲಿ ಕೂತು ಲಾಳಿ ಎಸೆದು ಎಸೆದು ಅವನ ಮಣಿಕಟ್ಟು ನನಗಿಂತ ಚೆನ್ನಾಗಿ ತಿರುಗುತ್ತಿತ್ತು. ನಾನು ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ. ಅದೇ ಮುಂದೆ ತೊಂದರೆಯಾಯಿತು.

ಗದ್ವಾಲಕ್ಕೆ ಹೋಗುವ ಮೊದಲು ಒಮ್ಮೆ ಆಡಿ ನೋಡೋಣವೆಂದು ಊರಿನ ದೊಡ್ಡವರ ತಂಡದೊಡನೆ ಪಂದ್ಯ ಇಟ್ಟೆ. ವಕೀಲರು, ಡಾಕ್ಟರು, ಪೋಸ್ಟ್ ಮಾಸ್ತರರು, ಸೀರೆ ವ್ಯಾಪಾರದ ಸಾವುಕಾರರು. ಸಾವುಕಾರರು ಹುಟ್ಟಿದಾಗಿನಿಂದ ಬ್ಯಾಟು ಮುಟ್ಟಿದವರಲ್ಲ, ಕೊಡೆ ಹಿಡಿದಂತೆ ಹಿಡಿದಿದ್ದರು. ಆದರೂ ಅವರು ಔಟಾಗಲಿಲ್ಲ. ಅವರು ಬ್ಯಾಟನ್ನು ಎಲ್ಲಿಗೆ ಚಾಚಿದರೋ ಅಲ್ಲಿಗೇ ಚೆಂಡು ಬಂದು ತಾಗುತ್ತಿತ್ತು. ವಕೀಲರು ಕಣ್ಣು ಮುಚ್ಚಿಕೊಂಡು ಬೀಸಿದರು, ಚೆಂಡು ಹೋಗಿ ಬೀಸಿನೊಳಗೇ ಸೇರಿಕೊಂಡಿತು. ಸಂಜೆಯಾದರೂ ದೊಡ್ಡವರ ಒಂದು ಗೂಟವೂ ಬೀಳಲಿಲ್ಲ. ಸಾವುಕಾರರು ಸಂತೋಷಪಟ್ಟು ಹುಡುಗರಿಗೆಲ್ಲ ಪೇಡೆ ತರಿಸಿ ಕೊಟ್ಟರು. ಇಷ್ಟು ಚಲೋ ಆಟ ಇಷ್ಟು ದಿನ ತಮಗೆ ಯಾರೂ ಯಾಕೆ ಹೇಳಲಿಲ್ಲವೆಂದು ನನ್ನನ್ನೇ ಆಕ್ಷೇಪಿಸಿದರು.

ನಾನು ಪೇಡೆ ಕೈಯಲ್ಲಿ ಹಿಡಿದುಕೊಂಡು ಬೌಲರನನ್ನು ಪಕ್ಕಕ್ಕೆ ಕರೆದೆ. ಸಿಟ್ಟು ನೆತ್ತಿಗೇರಿತ್ತು. ಇದೇನು ಹಾಕುತ್ತಿದ್ದೀ ಎಂದು ಕೇಳಿದೆ.

"ನೀವ ಹೇಳೀರಲ್ರೀ ಮಾಸ್ತರ್ರ, ಬ್ಯಾಟ್ ನೋಡಿ ಹಾಕು ಅಂತ," ಅಂದ.

ಹೇಳಿದ್ದೆ. ಪೇಡೆಯನ್ನು ಹಾಗೆಯೇ ಜೇಬಿಗಿಳಿಸಿದೆ. ಪಗಾರದ ಬೌಲರನ ಕೆಲಸವೇನೆಂದು ಹೊರಗಿನವರಿಗೆ ಗೊತ್ತಿಲ್ಲ. ಬೇರೆಯವರ ಮೇಲೆ ಆಡುವುದು ವರ್ಷಕ್ಕೆ ಎಲ್ಲೋ ಕೆಲವು ಸಲ. ಉಳಿದ ಎಲ್ಲ ದಿನ ಬೆಳಿಗ್ಗೆ ಎದ್ದು ನವಾಬರಿಗೆ, ಅವರ ಅಳಿಯಂದಿರಿಗೆ, ಅವರ ಅತಿಥಿಗಳಿಗೆ ಚೆಂಡು ಹಾಕುವುದು. ಅವರು ಬ್ಯಾಟು ಎಲ್ಲಿಗೆ ಬೀಸುತ್ತಾರೆಂದು ಮೊದಲೇ ಅರಿತು, ಅಲ್ಲಿ ಚೆಂಡು ಇಡಬೇಕು. ಸುಲಭವೆಂದು ತಿಳಿಯಬೇಡಿ, ಔಟ್ ಮಾಡುವುದಕ್ಕಿಂತ ಕಷ್ಟ. ನಾನು ಇದರಲ್ಲಿ ಪಳಗಿದ್ದೆ. ನವಾಬರು ತೃಪ್ತಿಯಿಂದ ಮೀಸೆ ತೀಡಿಕೊಂಡರೆ ನನ್ನ ದಿನ ಸಾರ್ಥಕ. ಇಷ್ಟು ವರ್ಷ ಕೈಗೆ ಕೂತ ಆ ವಿದ್ಯೆಯನ್ನೇ, ನನಗೆ ಗೊತ್ತಾಗದಂತೆ, ನಾರಾಯಣಪೇಟೆಯ ಹುಡುಗರಿಗೆ ಧಾರೆ ಎರೆದಿದ್ದೆ. ಹೈದರಾಬಾದ್ ಸಂಸ್ಥಾನದಲ್ಲೆಲ್ಲ ಹುಡುಕಿದರೂ ಇಷ್ಟು ನಿಖರವಾಗಿ ಯಾರನ್ನೂ ಔಟ್ ಮಾಡದ ತಂಡ ಸಿಗುತ್ತಿರಲಿಲ್ಲ.

"ಮತ್ತ, ಸಾವುಕಾರ್ರು ನಮ್ಮಪ್ಪಗ ನೂಲು ಕೊಡೋರ್ರೀ," ಎಂದು ಹುಡುಗ ಮುಂದುವರಿಸಿದ. "ಅವ್ರ ಗೂಟ ನಾ ಹೆಂಗ ಕೆಡವ್ಲಿ?"

ಹೀಗೆ ಎರಡು ರೋಗ ಕೂಡಿದ್ದವು. ಒಂದು ನನ್ನದು, ಒಂದು ಊರಿನದು. ಓರಗೆಯವರು ಬ್ಯಾಟು ಹಿಡಿದರೆ ಹುಡುಗರು ಹೇಗೋ ಗೂಟಕ್ಕೆ ಹಾಕುತ್ತಿದ್ದರು. ತಲೆಗೆ ರುಮಾಲೋ ಕಾಲಿಗೆ ಬೂಟೋ ಇರುವ ಮನುಷ್ಯ ಬಂದು ನಿಂತರೆ ಸಾಕು, ಬರ್ರಿ ಕೂಡ್ರಿ ಎಂದು ಮಣೆ ಹಾಕಿದಂತೆ ಚೆಂಡು ಹಾಕುತ್ತಿದ್ದರು.

ಮರುದಿನದಿಂದ ಉಪಚಾರ ಶುರು. ಹೆಂಡತಿಯ ಹಳೆಯ ಸೀರೆಯೊಂದನ್ನು ಬ್ಯಾಟು ಹಿಡಿಯುವವನ ಮುಂದೆ ಅಡ್ಡ ಹಗ್ಗಕ್ಕೆ ಇಳಿಬಿಟ್ಟೆ. ಕೆಳಗೆ ಮೊಣಕಾಲಿನಷ್ಟು ಸಂದಿ. ಹಿಂದೆ ನಿಂತವರು ಯಾರೆಂದು ತಿಳಿಯಬಾರದು, ಗೂಟದ ಬುಡ ಮಾತ್ರ ಕಾಣಬೇಕು, ಆ ಸಂದಿಯೊಳಗೆ ಚೆಂಡು ತೂರಿಸಬೇಕು. ನಿಂತವನು ಆಡಬೇಕಾಗಿಲ್ಲ, ಸುಮ್ಮನೆ ನಿಂತರಾಯಿತು. ಎರಡು ದಿನ ಚೆನ್ನಾಗಿ ನಡೆಯಿತು. ಗೂಟ ಪಟಪಟ ಬೀಳುತ್ತಿದ್ದವು. ನನಗೆ ಹಿಗ್ಗು. ಮೂರನೆಯ ದಿನ ಡಾಕ್ಟರನ್ನು ಕರೆದು ಸೀರೆಯ ಹಿಂದೆ ನಿಲ್ಲಿಸಿದೆ. ನನ್ನ ಬೌಲರ್ ಓಡಿ ಬಂದು, ನಡುವೆ ನಿಧಾನ ಮಾಡಿ, ಚೆಂಡನ್ನು ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಹಾಕಿದ. ಯಾಕೆಂದು ಕೇಳಿದರೆ ಸಂದಿಯಲ್ಲಿ ಡಾಕ್ಟರ ಜೋಡು ಕಾಣುತ್ತಿತ್ತಂತೆ, ಅಂಥ ಕಂದು ಜೋಡು ಊರಿನಲ್ಲಿ ಇನ್ನೊಬ್ಬರ ಹತ್ತಿರ ಇಲ್ಲವಂತೆ. ಅಂದು ಮನೆಗೆ ಹೋಗಿ ಹೆಂಡತಿಗೆ ಸೀರೆ ವಾಪಸು ಕೊಟ್ಟೆ. ಅದರಲ್ಲಿ ತೂತುಗಳಾಗಿದ್ದವು. ಆ ಮಾತು ಇಲ್ಲಿ ಬೇಡ.

ಆಮೇಲೆ ನಾನೇ ನಿಂತೆ. ನನ್ನ ಗೂಟ ಕೆಡವಿದವನಿಗೆ ಮಾತ್ರ ಮನೆಗೆ ಹೋಗುವ ಅಪ್ಪಣೆ ಎಂದೆ. ಮಾಸ್ತರನಿಗಿಂತ ಹಸಿವು ದೊಡ್ಡದು. ಸ್ವಲ್ಪ ಸ್ವಲ್ಪವಾಗಿ ಕೈ ತಿರುಗಿತು. ಹೊರಡುವ ಹೊತ್ತಿಗೆ ಬೌಲರ್ ನನ್ನನ್ನು ಯಾವ ಮರ್ಯಾದೆಯೂ ಇಲ್ಲದೆ ಔಟ್ ಮಾಡುತ್ತಿದ್ದ. ನಾನು ಒಳಗೊಳಗೇ ಖುಷಿಯಾಗಿದ್ದೆ, ಹೊರಗೆ ಬೈಯುತ್ತಿದ್ದೆ.

ರೈಲಿನಲ್ಲಿ ಸುತ್ತಿ ಹೋಗಬಹುದಿತ್ತು, ಇಲಾಖೆ ಮಂಜೂರು ಮಾಡಲಿಲ್ಲ. ಬಂಡಿ ಕಟ್ಟಿ ಮಕ್ತಲ್ ದಾರಿ ಹಿಡಿದೆವು. ಒಂದು ಬಂಡಿಯಲ್ಲಿ ಚಾಪೆ, ಇನ್ನೊಂದರಲ್ಲಿ ಸಾಮಾನು, ಹುಡುಗರು ಬಹುಪಾಲು ಕಾಲ್ನಡಿಗೆ. ಚಾಪೆಯ ಸುರುಳಿ ಎಷ್ಟು ಭಾರವೆಂದರೆ ಏರು ಬಂದಲ್ಲೆಲ್ಲ ಅದನ್ನು ಹೊರುತ್ತಿರುವುದು ಎತ್ತುಗಳೋ ನಾವೋ ಎಂಬ ಸಂಶಯ ಬರುತ್ತಿತ್ತು. ನಮ್ಮ ಪಕ್ಕದ ಮದ್ದೂರಿನ ಕಡೆಯಿಂದ ಬಂದಿದ್ದ ಒಬ್ಬ ಆಟಗಾರ ದಾರಿಯುದ್ದಕ್ಕೂ, ಗದ್ವಾಲದಲ್ಲಿ ಚಾಪೆ ಇರೋದಿಲ್ಲೇನ್ರಿ ಎಂದು ಕೇಳುತ್ತಲೇ ಇದ್ದ. ಇದ್ದರೂ ಹೇಗಿದೆಯೋ, ಯಾರು ಬಿಗಿದಿರುತ್ತಾರೋ, ನಮ್ಮದು ನಮ್ಮ ಕೈಯಲ್ಲಿರಬೇಕು ಎಂದು ಗದರಿದೆ.

ಮಕ್ತಲ್‌ನಲ್ಲಿ ಒಬ್ಬ ವ್ಯಾಪಾರಿಯ ಪಡಸಾಲೆಯಲ್ಲಿ ಮಲಗಿದೆವು. ಬೆಳಿಗ್ಗೆ ನಮ್ಮ ಕೀಪರನ ಲಿಂಗಪೂಜೆ ಮುಗಿಯುವ ತನಕ ಬಂಡಿ ಕಟ್ಟುವಂತಿರಲಿಲ್ಲ. ಎತ್ತಿನ ಗಂಟೆ ಕೇಳಿದರೆ ಅವನಿಗೆ ಪೂಜೆಯಲ್ಲಿ ಅವಸರವಾಗುತ್ತದೆ, ಅವಸರದ ಪೂಜೆಯಾದ ದಿನ ಕ್ಯಾಚು ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಅವನ ನಂಬಿಕೆ. ನೋಡಿ ನೋಡಿ ಅದು ನನ್ನ ನಂಬಿಕೆಯೂ ಆಗಿಬಿಟ್ಟಿತ್ತು. ಎತ್ತುಗಳ ಕೊರಳಿನ ಗಂಟೆಯನ್ನು ನಾನೇ ಕೈಯಿಂದ ಹಿಡಿದುಕೊಂಡು ನಿಂತಿದ್ದೆ. ಬಂಡಿಯವನು ನನ್ನನ್ನು ನೋಡಿದ ನೋಟದಲ್ಲಿ ಗೌರವ ಇರಲಿಲ್ಲ.

ಕೃಷ್ಣೆಯ ದಂಡೆಯಲ್ಲಿ ಅಂಬಿಗ ಚಾಪೆಯನ್ನು ನೋಡಿ ತಲೆಯಾಡಿಸಿದ. ಚಾಪೆ ಬೇರೆ, ಮನುಷ್ಯರು ಬೇರೆ, ಎರಡನ್ನೂ ಒಂದೇ ಹರಗೋಲಿನಲ್ಲಿ ಹಾಕುವುದಿಲ್ಲವೆಂದು ತೆಲುಗಿನಲ್ಲಿ ಖಡಾಖಂಡಿತ ಹೇಳಿದ. ಚಾಪೆಯನ್ನು ಮೊದಲು ಕಳಿಸಿದೆವು. ಅದು ಒಂಟಿಯಾಗಿ, ಜಮೀನ್ದಾರನಂತೆ ಒರಗಿಕೊಂಡು, ಬಂಡೆಗಳ ನಡುವೆ ತಿರುಗುತ್ತ ತಿರುಗುತ್ತ ಆಚೆ ದಂಡೆ ಸೇರುವ ತನಕ ನಾನು ಉಸಿರು ಬಿಡಲಿಲ್ಲ. ಒದ್ದೆಯಾದರೆ ಮತ್ತೆ ಕುಗ್ಗುತ್ತದೆ, ಬಾಗಿದ ಬಾಳೆಕಾಯಿ ಬಾಗಿದ ಕುಡುಗೋಲಾಗುತ್ತದೆ. ಚಾಪೆಗೆ ಹನಿ ನೀರು ತಾಗಲಿಲ್ಲ. ನಾವು ಸೊಂಟದ ತನಕ ನೆನೆದೆವು.

ಗದ್ವಾಲದ ಕೋಟೆಯೊಳಗೆ ಹೋದಾಗ ಮೈದಾನದ ನಡುವೆ ಹೊಚ್ಚ ಹೊಸ ಚಾಪೆ ಹಾಸಿತ್ತು. ಅಂಚುಗಳಿಗೆ ಚರ್ಮದ ಪಟ್ಟಿ ಹೊಲಿದಿದ್ದರು, ಮೊಳೆಗಳು ಸಾಲಾಗಿ ಮಿಂಚುತ್ತಿದ್ದವು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ, ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಬಿಗಿದಿರಲಿಲ್ಲ. ಮದ್ದೂರಿನ ಆಟಗಾರ ಹೋಗಿ ನಮ್ಮ ಚಾಪೆಯ ಸುರುಳಿಯ ಮೇಲೆ ಕೂತ. ಏನಾದರೂ ಅಂದಿದ್ದರೆ ಹಗುರವಾಗುತ್ತಿತ್ತು. ಆತಿಥೇಯರು ಬಹಳ ಸೌಜನ್ಯದಿಂದ, ಅಷ್ಟು ದೂರದಿಂದ ತಂದಿದ್ದೀರಿ ವ್ಯರ್ಥವಾಗಬಾರದು ಎಂದು, ನಮ್ಮ ಚಾಪೆಯನ್ನು ಮರದ ಕೆಳಗೆ ಬಿಚ್ಚಿಸಿ ಪ್ರೇಕ್ಷಕರನ್ನು ಕೂರಿಸಿದರು. ಬಾಗಿದ್ದರಿಂದ ಸಾಲು ಅರ್ಧಚಂದ್ರಾಕಾರವಾಗಿ ಕೂತಿತು. ಎಲ್ಲರಿಗೂ ಚೆನ್ನಾಗಿ ಕಾಣುತ್ತದೆಂದು ಹೊಗಳಿದರು.

ಸಾಹೇಬರು ಬಂದರು. ಜ್ವರ ಇರಲಿಲ್ಲ. ಎತ್ತರದ, ಗಂಭೀರ ಮುಖದ ಮನುಷ್ಯ. ರಾಯಚೂರಿನಲ್ಲಿ ವರ್ಷಗಟ್ಟಲೆ ಇದ್ದದ್ದರಿಂದ ಕನ್ನಡ ಬರುತ್ತಿತ್ತು. ನನ್ನ ಸಲಾಮಿಗೆ ತಲೆಯಾಡಿಸಿ, ಆಟ ಮುಗಿಯಲಿ, ಆಮೇಲೆ ಮಾತಾಡೋಣ ಎಂದರು. ಆ ಒಂದು ಮಾತಿನಲ್ಲಿ ನನ್ನ ಸಂಸಾರ, ನಾರಾಯಣಪೇಟೆಯ ಬಾಡಿಗೆ ಮನೆ, ಕಟಕಟ ಎನ್ನುವ ಭುಜ ಎಲ್ಲವೂ ನೇತಾಡುತ್ತಿದ್ದವು.

ಮೊದಲು ನಾವು ಬ್ಯಾಟು ಹಿಡಿದೆವು. ಹುಡುಗರು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಆಡಿದರು. ಯಾರೂ ಜಗಳವಾಡಲಿಲ್ಲ, ಯಾರ ಹೊಟ್ಟೆಯೂ ಕೆಡಲಿಲ್ಲ. ಊಟಕ್ಕೆ ಎರಡು ಒಲೆ, ಎರಡು ಕಡೆ ಪಾತ್ರೆ, ಅದನ್ನೂ ಗದ್ವಾಲದವರೇ ಮೊದಲೇ ಯೋಚಿಸಿದ್ದರು. ಚಿಂತೆ ಮಾಡಲು ಏನೂ ಉಳಿಯದೆ ನನಗೆ ದಿಗಿಲಾಗತೊಡಗಿತು.

ಊಟದ ಮೇಲೆ ಅವರ ಸರದಿ. ಎರಡೂ ಕಡೆಯಿಂದ ಒಬ್ಬೊಬ್ಬ ಅಂಪೈರ್ ಎಂದು ಮೊದಲೇ ಗೊತ್ತಾಗಿತ್ತು. ನಮ್ಮ ಕಡೆಯವನು ನಾನು. ಬೌಲರ್ ಹಾಕುವ ಕೊನೆಯಲ್ಲಿ ನಿಂತೆ. ಅವನು ಬೇಗನೆ ಇಬ್ಬರನ್ನು ಕೆಡವಿದ. ಇಬ್ಬರೂ ಅವನ ಓರಗೆಯವರು. ಆಮೇಲೆ ಸಾಹೇಬರು ಕೈಗವಸು ಹಾಕಿಕೊಳ್ಳುತ್ತ ಬಂದರು. ನನ್ನ ಬೌಲರ್ ಒಮ್ಮೆ ನನ್ನ ಮುಖ ನೋಡಿ, ಓಡಿ ಬಂದು, ಚೆಂಡನ್ನು ಅವರ ಬ್ಯಾಟಿನ ನಟ್ಟನಡುವೆ ಒಪ್ಪಿಸಿದ. ಚೆಂಡು ಕೋಟೆ ಗೋಡೆಗೆ ಹೋಗಿ ತಾಗಿತು. ಮುಂದಿನದೂ ಹಾಗೆಯೇ. ಅದರ ಮುಂದಿನದೂ. ಮರದ ಕೆಳಗಿನ ಅರ್ಧಚಂದ್ರ ವಾಹ್ ವಾಹ್ ಎಂದಿತು. ಸಾವುಕಾರರ ಪೇಡೆ ನೆನಪಾಯಿತು. ಇಷ್ಟು ದಿನದ ಉಪಚಾರ, ಹೆಂಡತಿಯ ಸೀರೆ, ನನ್ನ ಮರ್ಯಾದೆ, ಎಲ್ಲವೂ ಆ ಗೋಡೆಗೆ ತಾಗಿ ವಾಪಸು ಬರುತ್ತಿದ್ದವು. ಸಾಹೇಬರ ಮುಖ ಮಾತ್ರ ಸಪ್ಪಗೇ ಇತ್ತು. ಅವರೊಮ್ಮೆ ಬ್ಯಾಟಿನ ಮೈ ಸವರಿ ನೋಡಿಕೊಂಡರು, ತಾವು ಹೊಡೆದದ್ದೋ ಬೇರೆ ಯಾರಾದರೂ ಹೊಡೆಸಿದ್ದೋ ಎನ್ನುವಂತೆ.

ಚಹಾಕ್ಕೆ ಆಟ ನಿಂತಿತು. ಬೌಲರನನ್ನು ಕೋಟೆ ಗೋಡೆಯ ನೆರಳಿಗೆ ಕರೆದುಕೊಂಡು ಹೋದೆ. ಮತ್ತೆ ಕೈ ಹಳೆಯ ದಾರಿ ಹಿಡಿಯಿತೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ನಿಂತ.

"ಕೈ ಸರಿ ಐತ್ರಿ ಮಾಸ್ತರ್ರ. ಬೇಕಂತ ಹಾಕಾಕತ್ತೀನಿ."

"ಯಾಕ?"

"ನಿಮ್ಮ ನೌಕ್ರಿ ಅವ್ರ ಕೈಯಾಗ ಐತಂತಲ್ರೀ. ನಾವೆಲ್ಲಾ ಹರಗೋಲ್ದಾಗ ಕುಂತು ಮಾತಾಡ್ಕೊಂಡೀವಿ. ಸಾಹೇಬ್ರ್ನ ಯಾರೂ ಔಟ್ ಮಾಡಬಾರ್ದು ಅಂತ. ಕೀಪರ್ ಸೈತ ಒಪ್ಪ್ಯಾನ್ರಿ."

ನಾನು ಗೋಡೆಗೆ ಒರಗಿದೆ. ನನಗೆ ಗೊತ್ತಿದ್ದದ್ದು ಎರಡು ರೋಗ, ಇದು ಮೂರನೆಯದು. ಇದಕ್ಕೆ ಸೀರೆ ಕಟ್ಟಿ ಉಪಯೋಗವಿರಲಿಲ್ಲ. ಒಪ್ಪಿಕೊಂಡುಬಿಡಬಹುದಿತ್ತು. ಸಾಹೇಬರು ಸಂಜೆಯವರೆಗೆ ಗೋಡೆಗೆ ಹೊಡೆಯುತ್ತಾರೆ, ತೃಪ್ತಿಯಿಂದ ಮೀಸೆ ತೀಡುತ್ತಾರೆ, ಜಾಗ ಕಾಯಂ. ಹೇಗೆ ಮಾಡಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಆ ಹುಡುಗ ಎದುರಿಗೆ ನಿಂತಿದ್ದ, ಕೈಯಲ್ಲಿ ಚೆಂಡು ತಿರುಗಿಸುತ್ತ, ನನ್ನ ಸಲುವಾಗಿ ಕೆಟ್ಟ ಬೌಲರ್ ಆಗಲು ತಯಾರಾಗಿ. ಲಾಯದ ಖರ್ಚಿನಲ್ಲಿ ಸೇರಿದವನು ನಾನೊಬ್ಬನೇ ಸಾಕು ಎನಿಸಿತು. ಅವನಿಗೆ ಯಾರೂ ಪಗಾರ ಕೊಡುತ್ತಿಲ್ಲ, ಹಾಗಿದ್ದ ಮೇಲೆ ಅವನು ಯಾಕೆ ಅದನ್ನು ಮಾಡಬೇಕು?

"ನನ್ನ ನೌಕ್ರಿ ನಾ ನೋಡ್ಕೋತೀನಿ," ಅಂದೆ. "ನೀ ಗೂಟ ನೋಡು. ಮನಿಗೆ ಹೋಗ್ಬೇಕಂದ್ರ ಅವ್ರನ್ನ ಔಟ್ ಮಾಡಿನ ಹೋಗ್ಬೇಕು."

"ಬಯ್ದ್ರ?"

"ಬಯ್ಯೋದು ನನಗ ಬಯ್ತಾರ. ನನಗ ರೂಢಿ ಐತಿ."

ಧೈರ್ಯದ ಮಾತು. ಹೇಳಿ ಮುಗಿಸುವಷ್ಟರಲ್ಲಿ ಮನೆ ಬಾಡಿಗೆಯ ಲೆಕ್ಕ ಹಾಕುತ್ತಿದ್ದೆ.

ಚಹಾದ ಹೊತ್ತಿನಲ್ಲಿ ಗದ್ವಾಲದವರು ಗೆರೆಗಳಿಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಇನ್ನೂ ಹಸಿಯಾಗಿತ್ತು. ಚೆಂಡು ಬಿಡುವಾಗ ಬೌಲರನ ಹಿಂದಿನ ಕಾಲು ಆ ಗೆರೆಯನ್ನು ದಾಟಬಾರದು. ದಾಟಿದರೆ ಅಂಪೈರ್ ನೋ ಬಾಲ್ ಎಂದು ಕೂಗಿ ಒಂದು ಕೈ ಅಡ್ಡ ಚಾಚುತ್ತಾನೆ, ಆ ಚೆಂಡಿಗೆ ಗೂಟ ಬಿದ್ದರೂ ಲೆಕ್ಕಕ್ಕಿಲ್ಲ. ಸಾಹೇಬರು ಬಂದು ನಿಂತರು. ನನ್ನ ಬೌಲರ್ ಬರಿಗಾಲಲ್ಲಿ ಓಡಿ ಬಂದ. ನನ್ನ ಮುಖ ನೋಡಲಿಲ್ಲ. ಮಣಿಕಟ್ಟು ಲಾಳಿ ಬಿಟ್ಟಂತೆ ತಿರುಗಿತು. ಚೆಂಡು ಹೊರಗೆ ಹೋಗುವಂತೆ ತೋರಿ, ಚಾಪೆಗೆ ತಾಗಿ, ಒಳಗೆ ಹೊಕ್ಕಿತು. ಸಾಹೇಬರ ಬ್ಯಾಟು ಒಂದು ಕಡೆ, ಚೆಂಡು ಇನ್ನೊಂದು ಕಡೆ. ನಡುವಿನ ಗೂಟ ಕಿತ್ತು ಕೀಪರನ ಕಾಲ ಬಳಿ ಹೋಗಿ ಬಿತ್ತು.

ಅಷ್ಟು ಚೆಂದದ ಚೆಂಡನ್ನು ನಾನು ನನ್ನ ಪಗಾರದ ದಿನಗಳಲ್ಲಿ ಒಮ್ಮೆಯೂ ಹಾಕಿರಲಿಲ್ಲ. ಅದನ್ನು ಕಣ್ತುಂಬ ನೋಡುತ್ತ ನಿಂತಿದ್ದಾಗ ಮೈದಾನದಲ್ಲಿ ಯಾರೋ "ನೋ ಬಾಲ್" ಎಂದು ಕೂಗಿದರು.

ಕೂಗಿದವನು ನಾನು. ನನ್ನ ಬಲಗೈ ನೆಟ್ಟಗೆ ಅಡ್ಡ ಚಾಚಿಕೊಂಡಿತ್ತು.

ನವಾಬರ ಮೈದಾನದಲ್ಲಿ ಒಂದು ಪದ್ಧತಿ ಇತ್ತು. ಎಷ್ಟೇ ಎಚ್ಚರಿಕೆಯಿಂದ ಹಾಕಿದರೂ ಒಮ್ಮೊಮ್ಮೆ ಕೈ ತಪ್ಪಿ ನವಾಬರ ಗೂಟ ಬಿದ್ದುಬಿಡುತ್ತಿತ್ತು. ಆಗ ಅಂಪೈರ್ ನೋ ಬಾಲ್ ಎನ್ನುತ್ತಿದ್ದ. ನಾವು ಪಗಾರದ ಬೌಲರುಗಳು ಸರದಿಯ ಮೇಲೆ ಅಂಪೈರ್ ಆಗುತ್ತಿದ್ದೆವು. ಗೂಟ ಬಿದ್ದ ಶಬ್ದವಾದರೆ ಕೈ ತಾನಾಗಿ ಏಳಬೇಕು. ಏಳದಿದ್ದರೆ ನೌಕರಿಯಿಲ್ಲ. ನಾನು ಎಲ್ಲವನ್ನೂ ಯೋಚಿಸಿದ್ದೆ, ನನ್ನ ಕೈಯೊಂದನ್ನು ಬಿಟ್ಟು.

ಬೌಲರ್ ಹಿಂದಿರುಗಿ ನನ್ನನ್ನೇ ನೋಡಿದ. ಆ ನೋಟವನ್ನು ನಾನು ಬರೆಯಲಾರೆ. ಒಂಟಿಕಾಲಿನ ಮೇಲೆ ನಿಂತು, ಹಿಂದಿನ ಕಾಲನ್ನು ಮೊಣಕಾಲಿನ ಮೇಲೆತ್ತಿ ಅಂಗಾಲು ತೋರಿಸಿದ. ಕೆಂಪು ಮಣ್ಣು ಇತ್ತು. ಸುಣ್ಣದ ಒಂದು ಚುಕ್ಕೆಯೂ ಇರಲಿಲ್ಲ.

ಸಾಹೇಬರು ಬ್ಯಾಟು ಕಂಕುಳಲ್ಲಿಟ್ಟುಕೊಂಡು ನಡೆದು ಬಂದರು. ಬಗ್ಗಿ ಹುಡುಗನ ಅಂಗಾಲನ್ನು ಶಾಲೆ ತನಿಖೆ ಮಾಡುವಷ್ಟೇ ಗಂಭೀರವಾಗಿ ನೋಡಿದರು. ಆಮೇಲೆ ಹಸಿ ಗೆರೆಯನ್ನು ನೋಡಿದರು. ಆಮೇಲೆ ನನ್ನ ಕೈಯನ್ನು.

"ಮಾಸ್ತರ್, ಮೊದ್ಲ ಯಾವ ನವಾಬ್ರ ಹತ್ರ ನೌಕ್ರಿ ಇತ್ತು?"

ಹೇಳಿದೆ.

"ನಮ್ಮ ಮಾವನವ್ರ ಮೈದಾನದಾಗೂ ಹಿಂಗ ಇತ್ತು," ಅಂದರು. "ಅಲ್ಲಿ ನಾ ಒಮ್ಮಿನೂ ಔಟಾಗ್ಲಿಲ್ಲ. ಹೊರಗ ಎಲ್ಲಿ ಆಡಿದ್ರೂ ಒಂದ ಚೆಂಡಿಗೆ ಔಟ್. ಯಾಕಂತ ತಿಳಿಯಾಕ ನನಗ ಅರ್ಧ ವಯಸ್ಸು ಹೋತು." ಹುಡುಗನ ಕಡೆ ತಿರುಗಿದರು. "ಚಹಾದ ಮೊದ್ಲ ನೀ ನನಗ ಹೊಡಿಸಾಕತ್ತಿದ್ದಿ. ಈಗ ಆಡಿದಿ. ಯಾರು ಹೇಳಿದ್ರು?"

ಹುಡುಗ ಎತ್ತಿದ ಕಾಲನ್ನು ಇನ್ನೂ ಕೆಳಗೆ ಇಟ್ಟಿರಲಿಲ್ಲ. ಗದ್ದದಿಂದ ನನ್ನ ಕಡೆ ತೋರಿಸಿದ.

ಸಾಹೇಬರು ನನ್ನ ಕಡೆ ತಿರುಗಿದರು. "ಇವನಿಗೆ ಕಲಿಸಿದವ್ರು ಆ ಶಾಲಿಗೆ ಬೇಕು. ಜಾಗಾ ಕಾಯಂ ಅಂತ ಹೆಡ್‌ಮಾಸ್ತರ್ರಿಗೆ ತಿಳಸ್ತೀನಿ. ಅಂಪೈರ್ ಮಾತ್ರ ಮುಂದಿನ ಸಲಿ ಬ್ಯಾರೆ ತರ್ರಿ."

ಅಷ್ಟು ಹೇಳಿ, ಔಟೆಂದು ತಾವೇ ಒಪ್ಪಿಕೊಂಡು, ಅವರು ಮರದ ಕಡೆ ನಡೆದುಹೋದರು. ದಾರಿಯಲ್ಲಿ ಕಿತ್ತುಬಿದ್ದ ಗೂಟವನ್ನು ಎತ್ತಿ ಕೀಪರನ ಕೈಗೆ ಕೊಟ್ಟರು. ಜನ ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ತಡವಾಗಿ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ಮಂಜಾಗಿತ್ತು, ಸುಣ್ಣದ ಝಳವಿರಬೇಕು. ಎಲ್ಲರೂ ಮುಂದಿನ ಆಟಗಾರನಿಗಾಗಿ ಕಾಯುತ್ತಿದ್ದರು. ನನ್ನ ಬೌಲರ್ ಕಾಲು ಇಳಿಸಿ, ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ಹೇಳಿದ:

"ಮಾಸ್ತರ್ರ, ಸಾಹೇಬ್ರು ಹೋದ್ರು. ಇನ್ನ ಕೈ ಇಳಸ್ರಿ."